ಸಸ್ಯಜನ್ಯ ಕೀಲೆಣ್ಣೆಗಳ ಸ್ಥಿರತೆ ಮತ್ತು ಜೈವಿಕ ವಿಘಟನೆಯ ಪರೀಕ್ಷೆ

ಎಣ್ಣೆಬೀಜದ ಎಣ್ಣೆಯನ್ನಾಗಲಿ, ಅದನ್ನು ಮಾರ್ಪಡಿಸಿ ಪಡೆದ ಎಸ್ಟರನ್ನಾಗಲಿ ಮೂಲದ್ರವವಾಗಿ ಬಳಸಿದ ಕೀಲೆಣ್ಣೆಯನ್ನು ಸಸ್ಯಜನ್ಯ ಕೀಲೆಣ್ಣೆ ಎನ್ನುತ್ತಾರೆ. ಔಡಲ, ಕುಸುಬೆ, ಹೊಂಗೆ, ಸಾಸಿವೆ, ಸೋಯಾ, ಸೂರ್ಯಕಾಂತಿ ಮತ್ತು ತಾಳೆ ಇದರ ಮುಖ್ಯ ಮೂಲಗಳು. ಇಂಥ ಎಣ್ಣೆಯನ್ನು ಪ್ರಯೋಗಾಲಯ ಎರಡು ಬಗೆಯಲ್ಲಿ ಒರೆಗೆ ಹಚ್ಚುತ್ತದೆ. ಯಂತ್ರದಲ್ಲಿ ಇರುವಷ್ಟು ಕಾಲ ಕೆಡದೆ ಉಳಿಯುತ್ತದೆಯೇ ಎಂದು ನೋಡುವುದು ಸ್ಥಿರತೆಯ ಪರೀಕ್ಷೆ. ಯಂತ್ರದಿಂದ ಸೋರಿ ಹೊರಗೆ ಬಿದ್ದ ಮೇಲೆ ಸೂಕ್ಷ್ಮಜೀವಿಗಳಿಗೆ ಆಹಾರವಾಗಿ ಬೇಗ ಇಲ್ಲವಾಗುತ್ತದೆಯೇ ಎಂದು ನೋಡುವುದು ಜೈವಿಕ ವಿಘಟನೆಯ ಪರೀಕ್ಷೆ. ಈ ಎರಡನ್ನೂ ಬೇರೆ ಬೇರೆ ಮಾದರಿಗಳ ಮೇಲೆ, ಬೇರೆ ಬೇರೆ ಕೋಣೆಗಳಲ್ಲಿ ನಡೆಸಿ, ಫಲಿತಾಂಶಗಳನ್ನು ಒಂದೇ ಚೀಟಿಯಲ್ಲಿ ಅಕ್ಕಪಕ್ಕ ಬರೆಯುವುದು ವಾಡಿಕೆ. ಹೊರಗಿನ ಜಗತ್ತಿನಲ್ಲಿ ಮಾತ್ರ ಎಣ್ಣೆ ಮೊದಲು ಬಿಸಿಲಿನಲ್ಲಿ, ಗಾಳಿಯಲ್ಲಿ, ದೂಳಿನಲ್ಲಿ ಹಳಸುತ್ತದೆ; ಹಳಸಿದ್ದು ಆಮೇಲೆ ಸೂಕ್ಷ್ಮಜೀವಿಯ ಪಾಲಾಗುತ್ತದೆ. ಆದ್ದರಿಂದ ಎರಡು ಪರೀಕ್ಷೆಗಳನ್ನೂ ಒಂದೇ ಮಾದರಿಯ ಮೇಲೆ, ಒಂದರ ಹಿಂದೆ ಒಂದರಂತೆ, ಬಳಕೆಯ ಸ್ಥಳದ ಬಿಸಿ, ನೀರು ಮತ್ತು ದೂಳಿನೊಂದಿಗೆ ನಡೆಸಬೇಕು ಎಂಬುದು ಈ ಲೇಖನದ ವಾದ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿಗಳ ಸುಣ್ಣಕಲ್ಲಿನ ಸೀಮೆ ಈ ಮಾತಿಗೆ ತಕ್ಕ ನೆಲೆ. ಎಣ್ಣೆಬೀಜ ಬೆಳೆಯುವ ಹೊಲವೂ ಕೀಲೆಣ್ಣೆ ಕುಡಿಯುವ ಯಂತ್ರವೂ ಇಲ್ಲಿ ಒಂದಕ್ಕೊಂದು ಕೂಗಳತೆಯಲ್ಲಿವೆ.

ಹಿನ್ನೆಲೆ

ಈ ಸೀಮೆಗೆ ಸಸ್ಯಜನ್ಯ ಕೀಲೆಣ್ಣೆ ಹೊಸದಲ್ಲ. ಬಂಡಿಯ ಅಚ್ಚಿಗೆ ಔಡಲೆಣ್ಣೆ ಸವರುವುದು ನಮ್ಮ ಒಕ್ಕಲುತನದಷ್ಟೇ ಹಳೆಯ ರೂಢಿ. ಕೀಲೆಣ್ಣೆ ಎಂಬ ಮಾತೇ ಗಾಡಿಯ ಕೀಲಿನಿಂದ ಬಂದದ್ದು. ನಿಜಾಮರ ಸೀಮೆಯ ರೈಲುಮಾರ್ಗ 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ತೆರೆದ ಕಾಲಕ್ಕೆ ಭಾರತದ ರೈಲುಗಳಲ್ಲಿ ಔಡಲೆಣ್ಣೆಯ ಬಳಕೆ ವ್ಯಾಪಕವಾಗಿತ್ತು. ಇಂಗ್ಲೆಂಡಿನಲ್ಲಿ ಚಾರ್ಲ್ಸ್ ವೇಕ್‌ಫೀಲ್ಡ್ 1899ರಲ್ಲಿ ಕಟ್ಟಿದ ಕಂಪನಿ ತನ್ನ ಮೋಟಾರು ಎಣ್ಣೆಗೆ ಕ್ಯಾಸ್ಟ್ರಾಲ್ ಎಂದು ಹೆಸರಿಟ್ಟದ್ದು ಅದರಲ್ಲಿ ಬೆರೆಸುತ್ತಿದ್ದ ಔಡಲೆಣ್ಣೆಯ ಕಾರಣಕ್ಕೇ. ಇಪ್ಪತ್ತನೆಯ ಶತಮಾನದಲ್ಲಿ ಪೆಟ್ರೋಲಿಯಂ ಮೂಲದ ಖನಿಜ ಎಣ್ಣೆ ಈ ಜಾಗವನ್ನು ಹಿಡಿಯಿತು. ಅಗ್ಗವಾಗಿದ್ದದ್ದು ಒಂದು ಕಾರಣ; ತಿಂಗಳುಗಟ್ಟಲೆ ಬಿಸಿಯಲ್ಲಿ ಸುತ್ತಿದರೂ ಅದು ಗಟ್ಟಿಯಾಗದೆ, ಹುಳಿಯಾಗದೆ ಉಳಿಯುತ್ತಿದ್ದದ್ದು ಇನ್ನೊಂದು ಕಾರಣ. ಸಸ್ಯ ಎಣ್ಣೆ ಸೋತದ್ದು ಜಾರಿಕೆಯಲ್ಲಿ ಅಲ್ಲ, ಬಾಳಿಕೆಯಲ್ಲಿ. ಲೋಹದ ಮೈಗೆ ಅಂಟಿಕೊಂಡು ಸವೆತ ತಡೆಯುವ ಗುಣದಲ್ಲಿ ಅದು ಸೇರ್ಪಡೆಗಳಿಲ್ಲದ ಖನಿಜ ಎಣ್ಣೆಗಿಂತ ಮೇಲು. ಬಿಸಿ ಏರಿದಂತೆ ತೆಳುವಾಗುವ ಪ್ರಮಾಣವೂ ಅದರಲ್ಲಿ ಕಡಿಮೆ: ಸಾಮಾನ್ಯ ಖನಿಜ ಎಣ್ಣೆಯ ಸ್ನಿಗ್ಧತಾ ಸೂಚ್ಯಂಕ 100ರ ಆಸುಪಾಸಿನಲ್ಲಿದ್ದರೆ ಸೋಯಾ, ಕುಸುಬೆ, ಸೂರ್ಯಕಾಂತಿ ಎಣ್ಣೆಗಳದು 200 ದಾಟುತ್ತದೆ. ಔಡಲ ಇದಕ್ಕೆ ಅಪವಾದ; ಅದರ ಸೂಚ್ಯಂಕ 90ರ ಹತ್ತಿರ, ಸ್ನಿಗ್ಧತೆ ಮಾತ್ರ ಉಳಿದವುಗಳ ಏಳೆಂಟು ಪಟ್ಟು.

ಸೇಡಂ ಸೀಮೆಯ ನೆಲದಡಿ ಭೂವಿಜ್ಞಾನಿಗಳು ಭೀಮಾ ಸಮೂಹ ಎಂದು ಕರೆಯುವ ಸುಣ್ಣಕಲ್ಲು ಮತ್ತು ಜೇಡುಕಲ್ಲಿನ ಪದರಗಳಿವೆ. ಮೇಲೆ ಎರೆಮಣ್ಣು, ನಡುವೆ ಕಾಗಿಣಾ ನದಿ. ಹಲಗೆಯಂತೆ ಏಳುವ ಶಹಾಬಾದ ಫರಸಿ ದೇಶದ ಎಷ್ಟೋ ಮನೆಗಳ ನೆಲವಾಗಿದೆ. ಅದೇ ಸುಣ್ಣಕಲ್ಲು ಸಿಮೆಂಟಿಗೂ ಮೂಲ. 1936ರಲ್ಲಿ ಹತ್ತು ಕಂಪನಿಗಳು ಕೂಡಿ ಎಸಿಸಿ ಆದಾಗ ಶಹಾಬಾದದ ಸಿಮೆಂಟ್ ಕಂಪನಿ ಅವುಗಳಲ್ಲೊಂದಾಗಿತ್ತು. ಮುಂದೆ ವಾಡಿ, ಸೇಡಂ, ಮಳಖೇಡ, ಚಿತ್ತಾಪುರಗಳಲ್ಲಿ ದೊಡ್ಡ ಕಾರ್ಖಾನೆಗಳು ಎದ್ದವು. ಗಣಿಯ ಯಂತ್ರಗಳ ಹೈಡ್ರಾಲಿಕ್ ಕೊಳವೆ, ಕಲ್ಲು ಕೊಯ್ಯುವ ಯಂತ್ರದ ಚೈನು, ಗೂಡಿನ ಸುತ್ತಲಿನ ತೆರೆದ ಹಲ್ಲುಗಾಲಿ, ಕನ್ವೇಯರ್ ಸರಪಳಿ, ತಂತಿ ಹಗ್ಗ, ತಿರುವಿನಲ್ಲಿ ರೈಲುಹಳಿ ಇವೆಲ್ಲವೂ ಎಣ್ಣೆ ಬೇಡುತ್ತವೆ. ಕಟ್ಟಡದ ಸೆಂಟ್ರಿಂಗ್ ಹಲಗೆಗೆ ಕಾಂಕ್ರೀಟು ಅಂಟದಂತೆ ಮೇಸ್ತ್ರಿಗಳು ಬಳಿಯುವ ಸುಟ್ಟ ಆಯಿಲ್ ಕೂಡ ಇದೇ ಸಾಲಿಗೆ ಸೇರುತ್ತದೆ. ಇವುಗಳಲ್ಲಿ ಹಲವು ಪೂರ್ಣ ನಷ್ಟದ ಬಳಕೆಗಳು: ಹಾಕಿದ ಎಣ್ಣೆ ಮರಳಿ ಡಬ್ಬಿಗೆ ಬರುವುದಿಲ್ಲ, ಕೆಲಸ ಮುಗಿಸಿ ನೆಲ ಸೇರುತ್ತದೆ. ಸೀಳುಗಳಿರುವ ಸುಣ್ಣಕಲ್ಲಿನಲ್ಲಿ ಸೋಸುವ ಮಣ್ಣಿನ ಪದರ ತೆಳುವಾಗಿದ್ದರೆ ನೆಲಕ್ಕೆ ಬಿದ್ದದ್ದು ಅಂತರ್ಜಲಕ್ಕೆ ಇಳಿಯಲು ಬಹಳ ದೂರ ಹೋಗಬೇಕಿಲ್ಲ.

ಅಣುವಿನ ರಚನೆ ಮತ್ತು ಅದರ ದುರ್ಬಲ ತಾಣಗಳು

ಸಸ್ಯ ಎಣ್ಣೆಯ ಅಣು ಟ್ರೈಗ್ಲಿಸರೈಡ್: ಒಂದು ಗ್ಲಿಸರಾಲ್ ಬೆನ್ನೆಲುಬಿಗೆ ಎಸ್ಟರ್ ಬಂಧದ ಮೂಲಕ ಮೂರು ಉದ್ದನೆಯ ಕೊಬ್ಬಿನಾಮ್ಲಗಳು ಅಂಟಿಕೊಂಡಿರುತ್ತವೆ. ಇದರಲ್ಲಿ ಮೂರು ದುರ್ಬಲ ತಾಣಗಳಿವೆ. ಮೊದಲನೆಯದು ಕೊಬ್ಬಿನಾಮ್ಲದ ಎರಡು ದ್ವಿಬಂಧಗಳ ನಡುವೆ ಸಿಕ್ಕಿಕೊಂಡ ಇಂಗಾಲ. ಅದರ ಹೈಡ್ರೊಜನ್ ಸುಲಭವಾಗಿ ಕಳಚಿ ಮುಕ್ತ ರಾಡಿಕಲ್ ಹುಟ್ಟುತ್ತದೆ, ಗಾಳಿಯ ಆಮ್ಲಜನಕ ಅಲ್ಲಿ ಸೇರಿ ಪೆರಾಕ್ಸೈಡಾಗುತ್ತದೆ, ಸರಪಳಿ ಕ್ರಿಯೆ ಶುರುವಾಗುತ್ತದೆ. ಒಂದೇ ದ್ವಿಬಂಧವಿರುವ ಒಲೀಕ್ ಆಮ್ಲದ ಉತ್ಕರ್ಷಣದ ವೇಗವನ್ನು 1 ಎಂದಿಟ್ಟರೆ ಎರಡು ದ್ವಿಬಂಧಗಳ ಲಿನೊಲೀಕ್ ಆಮ್ಲದ್ದು ಸುಮಾರು 12, ಮೂರಿರುವ ಲಿನೊಲೆನಿಕ್ ಆಮ್ಲದ್ದು ಸುಮಾರು 25. ಎರಡನೆಯ ತಾಣ ಎಸ್ಟರ್ ಬಂಧ. ನೀರು, ಆಮ್ಲ ಅಥವಾ ಕ್ಷಾರ ಅದನ್ನು ಮುರಿದು ಕೊಬ್ಬಿನಾಮ್ಲವನ್ನು ಬಿಡಿಸುತ್ತದೆ. ಮೂರನೆಯದು ಗ್ಲಿಸರಾಲಿನ ನಡುವಿನ ಇಂಗಾಲದ ಹೈಡ್ರೊಜನ್. ತೀರ ಹೆಚ್ಚಿನ ಬಿಸಿಯಲ್ಲಿ ಅಣು ಅಲ್ಲಿಂದ ಸೀಳುತ್ತದೆ. ಗ್ಲಿಸರಾಲಿನ ಬದಲು ಟ್ರೈಮಿಥೈಲಾಲ್ ಪ್ರೊಪೇನನ್ನು ಬೆನ್ನೆಲುಬಾಗಿ ಕೊಟ್ಟ ಎಸ್ಟರುಗಳಲ್ಲಿ ಈ ಮೂರನೆಯ ತಾಣವೇ ಇರುವುದಿಲ್ಲ.

ಮೊದಲ ತಾಣದ ದೌರ್ಬಲ್ಯಕ್ಕೆ ಈ ಸೀಮೆಯ ಅಡುಗೆಮನೆಯಲ್ಲೇ ಸಾಕ್ಷ್ಯ ಸಿಗುತ್ತದೆ. ಲಿನೊಲೆನಿಕ್ ಆಮ್ಲ ಹೆಚ್ಚಿರುವ ಅಗಸೆ ಎಣ್ಣೆಯನ್ನು ಹಲಗೆಗೆ ಬಳಿದರೆ ಕೆಲವೇ ದಿನಗಳಲ್ಲಿ ಒಣಗಿ ಪೊರೆಯಾಗುತ್ತದೆ. ಬಣ್ಣಕ್ಕೆ ಅದು ವರ, ಬೇರಿಂಗಿಗೆ ಶಾಪ. ಸಾಮಾನ್ಯ ಕುಸುಬೆ ಎಣ್ಣೆಯಲ್ಲಿ ಲಿನೊಲೀಕ್ ಆಮ್ಲ ಸುಮಾರು ಮುಕ್ಕಾಲು ಪಾಲು. ಅದನ್ನು ಬಹಳ ಹೊತ್ತು ಕಾಯಿಸಿದರೆ ಅಂಟಾದ ರೋಗನ್ ಆಗುತ್ತದೆ. ಬಾವಿಯ ಹಗ್ಗಕ್ಕೂ ನೀರೆತ್ತುವ ತೊಗಲಿನ ಚೀಲಕ್ಕೂ ಹಿಂದೆ ಹೀಗೆ ಕಾಯಿಸಿದ ಕುಸುಬೆ ಎಣ್ಣೆಯನ್ನು ಬಳಿಯುತ್ತಿದ್ದರು. ಔಡಲೆಣ್ಣೆಯ ಶೇ. 85ರಿಂದ 90ರಷ್ಟು ಭಾಗ ರಿಸಿನೊಲೀಕ್ ಆಮ್ಲ. ಅದಕ್ಕೆ ದ್ವಿಬಂಧ ಒಂದೇ. ಹೀಗಾಗಿ ಬಂಡಿಯ ಕೀಲಿಗೆ ಔಡಲ, ಹಗ್ಗದ ಮೇಲಿನ ಪೊರೆಗೆ ಕುಸುಬೆ ಎಂದು ಹಿರಿಯರು ಮಾಡಿಕೊಂಡ ಹಂಚಿಕೆ ರಸಾಯನಶಾಸ್ತ್ರದ ಲೆಕ್ಕಕ್ಕೂ ಸರಿಹೊಂದುತ್ತದೆ.

ಇಲ್ಲೊಂದು ಮುಖ್ಯ ಮಾತಿದೆ. ಬೇಗ ಕೊಳೆಯುವ ಎಣ್ಣೆ ಬೇಗ ಕೆಡಲೇಬೇಕು, ಬಾಳಿಕೆ ಹೆಚ್ಚಿದಷ್ಟೂ ವಿಘಟನೆ ತಗ್ಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಅದು ಅರೆಸತ್ಯ. ಆಮ್ಲಜನಕ ಹಲ್ಲೆ ಮಾಡುವುದು ದ್ವಿಬಂಧಗಳ ನಡುವಿನ ಇಂಗಾಲದ ಮೇಲೆ. ಬ್ಯಾಕ್ಟೀರಿಯ ಮೊದಲು ಲೈಪೇಸ್ ಕಿಣ್ವದಿಂದ ಎಸ್ಟರ್ ಬಂಧವನ್ನು ಕತ್ತರಿಸಿ, ಬಿಡಿಯಾದ ಕೊಬ್ಬಿನಾಮ್ಲವನ್ನು ತುದಿಯಿಂದ ಎರಡೆರಡು ಇಂಗಾಲಗಳಂತೆ ಕೊಯ್ಯುತ್ತ ಹೋಗುತ್ತದೆ. ದಾಳಿಯ ಬಾಗಿಲುಗಳು ಬೇರೆ ಬೇರೆ. ಆದ್ದರಿಂದ ಲಿನೊಲೀಕ್ ಆಮ್ಲವನ್ನು ತಗ್ಗಿಸಿ ಒಲೀಕ್ ಆಮ್ಲವನ್ನು ಹೆಚ್ಚಿಸಿದರೆ ಉತ್ಕರ್ಷಣದ ಬಾಗಿಲು ಬಹುಮಟ್ಟಿಗೆ ಮುಚ್ಚುತ್ತದೆ, ಸೂಕ್ಷ್ಮಜೀವಿಯ ಬಾಗಿಲು ತೆರೆದೇ ಇರುತ್ತದೆ. ಇದು ಬರಿಯ ಊಹೆಯಲ್ಲ. ಒಲೀಕ್ ಆಮ್ಲ ಹೆಚ್ಚಿರುವ ಕುಸುಬೆಯನ್ನು ಆಸ್ಟ್ರೇಲಿಯದ ಸಂಶೋಧಕರು 1957ರಲ್ಲಿ ಗುರುತಿಸಿದ್ದು ಭಾರತದಿಂದ ಹೋದ ಬೀಜದಲ್ಲಿಯೇ. ಅದರ ಜಾಡಿನಲ್ಲಿ ಕ್ಯಾಲಿಫೋರ್ನಿಯದಲ್ಲಿ ಪಾಲ್ಡೆನ್ ನೋಲ್ಸ್ 1966ರಲ್ಲಿ ಯುಸಿ-1 ತಳಿಯನ್ನು ಹೊರತಂದರು. ಆಸ್ಟ್ರೇಲಿಯದ ಸಿಎಸ್‌ಐಆರ್‌ಒ ಸಂಸ್ಥೆ ಕುಲಾಂತರಿ ವಿಧಾನದಿಂದ ಒಲೀಕ್ ಪ್ರಮಾಣವನ್ನು ಶೇ. 90ರ ಮೇಲಕ್ಕೆ ಒಯ್ದಿದೆ. 2018ರಲ್ಲಿ ಅಲ್ಲಿ ಬೇಸಾಯಕ್ಕೆ ಪರವಾನಗಿ ಸಿಕ್ಕ ಆ ಬೆಳೆಯ ಒಂದು ಮುಖ್ಯ ಗುರಿ ಕೈಗಾರಿಕಾ ಕೀಲೆಣ್ಣೆ. ಕುಸುಬೆಯನ್ನು ತಲೆತಲಾಂತರದಿಂದ ಬೆಳೆದ ಸೀಮೆ ತಿಳಿದಿರಬೇಕಾದ ಚರಿತ್ರೆ ಇದು.

ಸ್ಥಿರತೆಯ ಪರೀಕ್ಷೆಗಳು

ಸ್ಥಿರತೆಯ ಪರೀಕ್ಷೆಗಳೆಲ್ಲ ಕಾಲವನ್ನು ಕುಗ್ಗಿಸುವ ಉಪಾಯಗಳು. ತಿರುಗುವ ಒತ್ತಡಪಾತ್ರೆಯ ಪರೀಕ್ಷೆ, ಅಂದರೆ ಎಎಸ್‌ಟಿಎಂ ಡಿ 2272, ಇವುಗಳಲ್ಲಿ ಬಹಳ ಪ್ರಸಿದ್ಧ. 50 ಗ್ರಾಂ ಎಣ್ಣೆ, 5 ಮಿ.ಲೀ. ನೀರು ಮತ್ತು ವೇಗವರ್ಧಕವಾಗಿ ತಾಮ್ರದ ತಂತಿಯ ಸುರುಳಿಯನ್ನು ಗಟ್ಟಿ ಉಕ್ಕಿನ ಪಾತ್ರೆಗೆ ಹಾಕಿ, 620 ಕಿಲೊಪ್ಯಾಸ್ಕಲ್ ಒತ್ತಡಕ್ಕೆ ಆಮ್ಲಜನಕ ತುಂಬಿ, 150 ಡಿಗ್ರಿ ಸೆಲ್ಸಿಯಸ್‌ನ ತೊಟ್ಟಿಯಲ್ಲಿ ಓರೆಯಾಗಿ ನಿಮಿಷಕ್ಕೆ ನೂರು ಸುತ್ತು ತಿರುಗಿಸುತ್ತಾರೆ. ಎಣ್ಣೆ ಆಮ್ಲಜನಕವನ್ನು ಹೀರತೊಡಗಿದಾಗ ಒತ್ತಡ ಇಳಿಯುತ್ತದೆ. 175 ಕಿಲೊಪ್ಯಾಸ್ಕಲ್ ಇಳಿಯಲು ಹಿಡಿದ ನಿಮಿಷಗಳೇ ಅಂಕ. ಒಳ್ಳೆಯ ಟರ್ಬೈನ್ ಎಣ್ಣೆ ನೂರಾರು ನಿಮಿಷ ತಾಳುತ್ತದೆ. ಏನೂ ಬೆರೆಸದ ಸಾಮಾನ್ಯ ಸಸ್ಯ ಎಣ್ಣೆ ಅರ್ಧ ಗಂಟೆಯೊಳಗೆ ಕೈಚೆಲ್ಲುತ್ತದೆ. ಇನ್ನೊಂದು ಪರೀಕ್ಷೆ ಎಎಸ್‌ಟಿಎಂ ಡಿ 943. ಅದರಲ್ಲಿ 95 ಡಿಗ್ರಿಯಲ್ಲಿ ಗಂಟೆಗೆ 3 ಲೀಟರ್ ಆಮ್ಲಜನಕ ಹಾಯಿಸಿ, ಕಬ್ಬಿಣ ಮತ್ತು ತಾಮ್ರದ ತಂತಿಯ ಸಮ್ಮುಖದಲ್ಲಿ ಎಣ್ಣೆಯ ಆಮ್ಲಸಂಖ್ಯೆ 2ಕ್ಕೆ ಏರಲು ಹಿಡಿಯುವ ಗಂಟೆಗಳನ್ನು ಎಣಿಸುತ್ತಾರೆ. ಮೂಲ ವಿಧಾನದಲ್ಲಿ 60 ಮಿ.ಲೀ. ನೀರೂ ಸೇರಿರುತ್ತದೆ. ಎಸ್ಟರುಗಳ ವಿಷಯದಲ್ಲಿ ಇದು ಗೊಂದಲಕ್ಕೆ ದಾರಿ, ಏಕೆಂದರೆ ಆಮ್ಲ ಏರಿದ್ದು ಉತ್ಕರ್ಷಣದಿಂದಲೋ ಜಲವಿಶ್ಲೇಷಣೆಯಿಂದಲೋ ಹೇಳಲಾಗದು. ಹಾಗಾಗಿ ಪರಿಸರಸ್ನೇಹಿ ಹೈಡ್ರಾಲಿಕ್ ದ್ರವಗಳ ಮಾನಕವಾದ ಐಎಸ್‌ಒ 15380 ನೀರಿಲ್ಲದ ಒಣ ಪರೀಕ್ಷೆಯತ್ತ ಹೊರಳಿತು. ಬಿಸಿ ಎಣ್ಣೆಯಲ್ಲಿ ಗಾಳಿ ಹಾಯಿಸಿ, ಹೊರಬಂದ ಆವಿಯಾಗುವ ಆಮ್ಲಗಳನ್ನು ನೀರಿನಲ್ಲಿ ಹಿಡಿದು, ನೀರಿನ ವಿದ್ಯುದ್ವಾಹಕತೆ ಥಟ್ಟನೆ ಏರುವ ಗಳಿಗೆಯನ್ನು ಗುರುತಿಸುವ ರ‍್ಯಾನ್ಸಿಮ್ಯಾಟ್ ಪರೀಕ್ಷೆ ಅಡುಗೆ ಎಣ್ಣೆ ಮತ್ತು ಜೈವಿಕ ಡೀಸೆಲ್ಲುಗಳ ಲೋಕದಿಂದ ಬಂದದ್ದು.

ಜಲವಿಶ್ಲೇಷಣೆಗೆ ಬೇರೆಯೇ ಪರೀಕ್ಷೆಯುಂಟು. ಎಎಸ್‌ಟಿಎಂ ಡಿ 2619ರಲ್ಲಿ ಬಳಸುವುದು ತಂಪು ಪಾನೀಯದ ಗಾಜಿನ ಶೀಶೆ. 75 ಗ್ರಾಂ ಎಣ್ಣೆ, 25 ಗ್ರಾಂ ನೀರು, ಒಂದು ತಾಮ್ರದ ಪಟ್ಟಿ ಹಾಕಿ ಬಿರಡೆ ಬಿಗಿದು, 93 ಡಿಗ್ರಿಯ ಒಲೆಯಲ್ಲಿ 48 ಗಂಟೆ ತಲೆಕೆಳಗಾಗಿಸುತ್ತ ತಿರುಗಿಸುತ್ತಾರೆ. ಆಮೇಲೆ ನೀರು ಎಷ್ಟು ಹುಳಿಯಾಯಿತು, ತಾಮ್ರ ಎಷ್ಟು ತೂಕ ಕಳೆದುಕೊಂಡಿತು, ಎಣ್ಣೆ ಎಷ್ಟು ದಪ್ಪಗಾಯಿತು ಎಂದು ಅಳೆಯುತ್ತಾರೆ. ಸರಳ ಉಪಕರಣ, ಸ್ಪಷ್ಟ ಉತ್ತರ.

ಈ ಅಂಕಗಳನ್ನು ಓದುವುದಕ್ಕೆ ವಿವೇಕ ಬೇಕು. ಬಿಸಿ ಹತ್ತು ಡಿಗ್ರಿ ಏರಿದರೆ ಕ್ರಿಯೆಯ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬ ಹಳೆಯ ಲೆಕ್ಕ ಹಿಡಿದರೆ, 150 ಡಿಗ್ರಿಯ ಒಂದು ನಿಮಿಷ 50 ಡಿಗ್ರಿಯ ಸಾವಿರ ನಿಮಿಷಗಳಿಗೆ ಸಮ. ಆದರೆ ಅಷ್ಟು ದೂರ ಹಿಗ್ಗಿಸಿದ ಲೆಕ್ಕ ನಂಬಿಕೆಗೆ ಅರ್ಹವಲ್ಲ. 150 ಡಿಗ್ರಿಯಲ್ಲಿ ಪೆರಾಕ್ಸೈಡುಗಳು ಹುಟ್ಟಿದ ಕೂಡಲೇ ಒಡೆಯುತ್ತವೆ. 45 ಡಿಗ್ರಿಯಲ್ಲಿ ಅವು ಒಟ್ಟುಗೂಡಿ, ಅಣುವಿಗೆ ಅಣು ಹೆಣೆದು ಪೊರೆಯಾಗುತ್ತವೆ. ಉತ್ಕರ್ಷಣ ನಿರೋಧಕ ಸೇರ್ಪಡೆಗಳೂ ಒಂದೊಂದು ಬಿಸಿಯಲ್ಲಿ ಒಂದೊಂದು ರೀತಿ ದುಡಿಯುತ್ತವೆ. ಎರಡು ಎಣ್ಣೆಗಳಲ್ಲಿ ಯಾವುದು ಗಟ್ಟಿ ಎಂದು ಸಾಲು ಹಚ್ಚುವುದಕ್ಕೆ ಈ ಪರೀಕ್ಷೆಗಳು ತಕ್ಕವು. ಕಲಬುರಗಿಯ ಮೇ ತಿಂಗಳ ಬಿಸಿಲಿಗೆ ತೆರೆದ ಹಲ್ಲುಗಾಲಿಯ ಮೇಲೆ ಎಷ್ಟು ವಾರ ಬಾಳುತ್ತದೆ ಎಂದು ಹೇಳುವುದಕ್ಕೆ ಅವು ಸಾಲವು.

ಜೈವಿಕ ವಿಘಟನೆಯ ಪರೀಕ್ಷೆಗಳು

ವಿಘಟನೆಯಲ್ಲಿ ಎರಡು ಮಟ್ಟಗಳಿವೆ. ಮೂಲ ಅಣು ತನ್ನ ರೂಪ ಕಳೆದುಕೊಂಡರೆ ಅದು ಪ್ರಾಥಮಿಕ ವಿಘಟನೆ. ಅಣುವಿನ ಇಂಗಾಲ ಇಂಗಾಲದ ಡೈಆಕ್ಸೈಡಾಗಿ, ಹೈಡ್ರೊಜನ್ ನೀರಾಗಿ, ಉಳಿದದ್ದು ಸೂಕ್ಷ್ಮಜೀವಿಯ ಮೈಯಾಗಿ ಮುಗಿದರೆ ಅದು ಅಂತಿಮ ವಿಘಟನೆ. ಯುರೋಪಿನಲ್ಲಿ ದೋಣಿಗಳ ಎರಡು ಸ್ಟ್ರೋಕಿನ ಎಂಜಿನ್ ಎಣ್ಣೆಗೆಂದು ರೂಪಿಸಿದ ಸಿಇಸಿ ಎಲ್-33 ಪರೀಕ್ಷೆ ಪ್ರಾಥಮಿಕ ವಿಘಟನೆಯನ್ನು ಅಳೆಯುತ್ತದೆ: 21 ದಿನಗಳ ನಂತರ ಉಳಿದ ಎಣ್ಣೆಯನ್ನು ದ್ರಾವಕದಲ್ಲಿ ಸೆಳೆದು, ಅವಕೆಂಪು ಕಿರಣವನ್ನು ಅದು ಹೀರುವ ಪ್ರಮಾಣದಿಂದ ಲೆಕ್ಕ ಹಾಕುತ್ತಾರೆ. ಈ ಅಳತೆಯಲ್ಲಿ ಸಸ್ಯ ಎಣ್ಣೆಗಳು ಶೇ. 70ರಿಂದ 100ರವರೆಗೆ, ಖನಿಜ ಎಣ್ಣೆಗಳು ಶೇ. 15ರಿಂದ 35ರವರೆಗೆ ಅಂಕ ಗಳಿಸುತ್ತವೆ. ಆ ದ್ರಾವಕವೇ ಓಜೋನ್ ಪದರಕ್ಕೆ ಹಾನಿಕರವಾದ್ದರಿಂದ ಮುಂದೆ ಅನಿಲ ವರ್ಣರೇಖನವನ್ನು ಆಧರಿಸಿದ ಸಿಇಸಿ ಎಲ್-103 ಬಂತು. ಪರಿಸರವನ್ನು ಕಾಯಲು ಹೊರಟ ಪರೀಕ್ಷೆ ತನ್ನ ಕೈಯನ್ನೂ ತೊಳೆದುಕೊಳ್ಳಬೇಕಾಯಿತು.

ಅಂತಿಮ ವಿಘಟನೆಗೆ ಓಇಸಿಡಿ 1992ರಲ್ಲಿ ಪರಿಷ್ಕರಿಸಿದ 301ನೆಯ ಮಾರ್ಗಸೂಚಿಯ ಆರು ವಿಧಾನಗಳು ಜಗತ್ತಿನಾದ್ಯಂತ ರೂಢಿಯಲ್ಲಿವೆ. ಎಣ್ಣೆಗೆ ಹೆಚ್ಚು ಒಗ್ಗುವುದು 301-ಬಿ. ಸ್ಟರ್ಮ್ 1973ರಲ್ಲಿ ಪ್ರಕಟಿಸಿದ ವಿಧಾನದ ಪರಿಷ್ಕೃತ ರೂಪವಾದ್ದರಿಂದ ಅದಕ್ಕೆ ಸ್ಟರ್ಮ್ ಪರೀಕ್ಷೆ ಎಂದೂ ಹೆಸರು. ಲವಣಗಳನ್ನು ಮಾತ್ರ ಬೆರೆಸಿದ ನೀರಿಗೆ ಅಳತೆಯ ಎಣ್ಣೆ ಹಾಕುತ್ತಾರೆ. ಆ ನೀರಿನಲ್ಲಿ ಸೂಕ್ಷ್ಮಜೀವಿಗಳಿಗೆ ಬೇರೆ ಆಹಾರವಿಲ್ಲ. ಊರಿನ ಕೊಳಚೆ ಶುದ್ಧೀಕರಣ ಘಟಕದಿಂದ ತಂದ ಕೆಸರನ್ನು ಲೀಟರಿಗೆ 30 ಮಿಲಿಗ್ರಾಂ ಮೀರದಂತೆ ಹೆಪ್ಪಾಗಿ ಕೂಡಿಸುತ್ತಾರೆ. ಸುಮಾರು 22 ಡಿಗ್ರಿಯಲ್ಲಿ, ಕತ್ತಲಲ್ಲಿ, ಇಂಗಾಲದ ಡೈಆಕ್ಸೈಡ್ ತೆಗೆದ ಗಾಳಿಯನ್ನು 28 ದಿನ ಹಾಯಿಸುತ್ತಾರೆ. ಹೊರಬರುವ ಗಾಳಿ ಸಾಲಾಗಿ ಇಟ್ಟ ಮೂರು ಬೇರಿಯಂ ಹೈಡ್ರಾಕ್ಸೈಡ್ ಶೀಶೆಗಳ ಮೂಲಕ ಹಾದುಹೋಗುತ್ತದೆ. ಸೂಕ್ಷ್ಮಜೀವಿ ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡ್ ಅಲ್ಲಿ ಬಿಳಿಯ ಬೇರಿಯಂ ಕಾರ್ಬೊನೇಟಾಗಿ ತಳಕ್ಕೆ ಇಳಿಯುತ್ತದೆ. ಸುಣ್ಣದ ತಿಳಿನೀರಿಗೆ ಬಾಯಿಂದ ಗಾಳಿ ಊದಿದರೆ ಹಾಲಿನಂತಾಗುವುದನ್ನು ಶಾಲೆಯಲ್ಲಿ ಕಂಡವರಿಗೆ ಇದು ಪರಿಚಿತ ದೃಶ್ಯ. ಉಳಿದ ಕ್ಷಾರವನ್ನು ಆಮ್ಲದಿಂದ ತೂಗಿ ನೋಡಿದರೆ ಎಣ್ಣೆಯ ಇಂಗಾಲದಲ್ಲಿ ಎಷ್ಟು ಪಾಲು ಗಾಳಿಯಾಯಿತೆಂದು ತಿಳಿಯುತ್ತದೆ. ಶೇ. 60 ದಾಟಿದರೆ ತೇರ್ಗಡೆ. ಒಂದೇ ಶುದ್ಧ ವಸ್ತುವಾಗಿದ್ದರೆ ಶೇ. 10 ತಲುಪಿದ ಹತ್ತು ದಿನಗಳೊಳಗೇ ಶೇ. 60 ಮುಟ್ಟಬೇಕು. ನೂರು ಕೇಳದೆ ಅರವತ್ತಕ್ಕೆ ನಿಲ್ಲಿಸಲು ಕಾರಣವಿದೆ: ಉಳಿದ ಇಂಗಾಲದ ಬಹುಭಾಗ ಬ್ಯಾಕ್ಟೀರಿಯದ ಸ್ವಂತ ಮೈಯಾಗಿರುತ್ತದೆ. ಕೆಸರು ಜೀವಂತವಾಗಿದೆಯೆಂದು ಖಚಿತಪಡಿಸಲು ಸೋಡಿಯಂ ಬೆಂಜೊಯೇಟಿನಂಥ ಗೊತ್ತಿರುವ ವಸ್ತುವನ್ನು ಇನ್ನೊಂದು ಪಾತ್ರೆಯಲ್ಲಿ ಹಾಕಿ, ಅದು 14 ದಿನಗಳೊಳಗೆ ಶೇ. 60 ತಲುಪುವುದನ್ನು ನೋಡುತ್ತಾರೆ. ಕೀಲೆಣ್ಣೆಗೆಂದೇ ರೂಪಿಸಿದ ಎಎಸ್‌ಟಿಎಂ ಡಿ 5864 ಕೂಡ ಇದೇ ಜಾಡಿನದು. ಪಾಚಿ, ನೀರುಚಿಗಟ ಮತ್ತು ಮೀನುಗಳ ಮೇಲಿನ ವಿಷಪರೀಕ್ಷೆಗಳಾದ ಓಇಸಿಡಿ 201, 202, 203 ಜೊತೆಗೂಡಿದಾಗ ಚಿತ್ರ ಪೂರ್ತಿಯಾಗುತ್ತದೆ.

ಎರಡು ಪರೀಕ್ಷೆಗಳ ನಡುವಿನ ಕಂದಕ

ಸ್ಟರ್ಮ್ ಪರೀಕ್ಷೆಯ ಪಾತ್ರೆಗೆ ಹೋಗುವುದು ಡಬ್ಬಿಯಿಂದ ಆಗಷ್ಟೇ ತೆಗೆದ ಹೊಸ ಎಣ್ಣೆ. ನೆಲಕ್ಕೆ ಬೀಳುವುದು ಹೊಸ ಎಣ್ಣೆಯಲ್ಲ. ಈ ವ್ಯತ್ಯಾಸ ಎಷ್ಟು ದೊಡ್ಡದೆಂದು ತೋರಿಸಿದ ಘಟನೆ 1991ರ ಜನವರಿಯಲ್ಲಿ ವೇಲ್ಸಿನ ಆಂಗಲ್‌ಸಿ ದ್ವೀಪದ ಹತ್ತಿರ ನಡೆಯಿತು. ಸುಮಾರು 1,500 ಟನ್ ಸೂರ್ಯಕಾಂತಿ ಎಣ್ಣೆ ಹೊತ್ತ ಕಿಮ್ಯಾ ಎಂಬ ಹಡಗು ಅಲ್ಲಿ ಮುಳುಗಿತು. ಸೂರ್ಯಕಾಂತಿ ಎಣ್ಣೆ ಯಾವ ವಿಘಟನಾ ಪರೀಕ್ಷೆಯಲ್ಲೂ ಸುಲಭವಾಗಿ ತೇರ್ಗಡೆಯಾಗುವಂಥದು. ಆದರೂ ದಡ ಸೇರಿದ ಎಣ್ಣೆ ಗಾಳಿ ಬೆಳಕುಗಳಲ್ಲಿ ಅಣುವಿಗೆ ಅಣು ಹೆಣೆದುಕೊಂಡು, ಮರಳಿನೊಂದಿಗೆ ಗಾರೆಯಂಥ ಗಟ್ಟಿ ಮುದ್ದೆಗಳಾಗಿ ವರ್ಷಗಟ್ಟಲೆ ಉಳಿಯಿತು. ತಿನ್ನುವ ಎಣ್ಣೆಯೇ ಸೂಕ್ಷ್ಮಜೀವಿಯ ಹಲ್ಲಿಗೆ ಸಿಗದಂತಾಯಿತು. ಆ ಎಣ್ಣೆಯ ಮುಖ್ಯ ಆಮ್ಲ ಲಿನೊಲೀಕ್. ಸಾಮಾನ್ಯ ಕುಸುಬೆ ಎಣ್ಣೆಯದೂ ಅದೇ.

ಸೇಡಂ ಸೀಮೆಯಲ್ಲಿ ಋತುಗಳ ಸಾಲೇ ಈ ಅಪಾಯವನ್ನು ಹೆಚ್ಚಿಸುವಂತಿದೆ. ಮಾರ್ಚ್‌ನಿಂದ ಜೂನ್ ಆರಂಭದವರೆಗೆ ನೆಲದಲ್ಲಿ ತೇವವಿರುವುದಿಲ್ಲ, ಎರೆಭೂಮಿ ಬಾಯಿಬಿಡುತ್ತದೆ, ಬಿಸಿಲಿಗೆ ಕಾದ ಫರಸಿಯ ಮೇಲೆ ಕೈ ಇಡಲಾಗದು. ನೀರಿಲ್ಲದೆ ಬ್ಯಾಕ್ಟೀರಿಯ ದುಡಿಯದು. ಆಮ್ಲಜನಕಕ್ಕೆ ಮಾತ್ರ ನೀರಿನ ಹಂಗಿಲ್ಲ. ಆ ಮೂರು ತಿಂಗಳು ಬಂಡೆಯ ಮೇಲೆ ತೆಳ್ಳಗೆ ಹರಡಿದ ಎಣ್ಣೆ ದೂಳಿನ ಜೊತೆ ಹಳಸಿ ಗಟ್ಟಿಯಾಗುತ್ತದೆ. ಮುಂಗಾರಿನ ನೀರು ಬಂದಾಗ ಸೂಕ್ಷ್ಮಜೀವಿಗೆ ಸಿಗುವುದು ಆ ಹಳಸಿದ ಪೊರೆ. ಅಂದರೆ ಇಲ್ಲಿ ಸ್ಥಿರತೆಯ ಗುಣ ಯಂತ್ರದ ಬಾಳಿಕೆಗಷ್ಟೇ ಸಂಬಂಧಿಸಿದ್ದಲ್ಲ; ಮುಂಗಾರಿನ ತನಕ ಕೆಡದೆ, ಹೆಣೆದುಕೊಳ್ಳದೆ ಉಳಿದ ಎಣ್ಣೆ ಮಾತ್ರ ಮುಂಗಾರಿನಲ್ಲಿ ಕೊಳೆಯಲು ಯೋಗ್ಯವಾಗಿರುತ್ತದೆ. ಎರಡು ಗುಣಗಳು ಒಂದಕ್ಕೊಂದು ಶತ್ರುಗಳೆಂಬ ನಂಬಿಕೆ ಇಲ್ಲಿ ತಲೆಕೆಳಗಾಗುತ್ತದೆ: ಸ್ಥಿರತೆಯೇ ವಿಘಟನೆಗೆ ದಾರಿ ಕಾಯುತ್ತದೆ.

ದೂಳಿನ ಪಾತ್ರ ಇನ್ನೂ ಸೂಕ್ಷ್ಮ. ಮಾನಕ ಪರೀಕ್ಷೆಯ ಶೀಶೆಗೆ ಹಾಕುವುದು ಬಟ್ಟಿ ಇಳಿಸಿದ ನೀರು. ಸಿಮೆಂಟು ಕಾರ್ಖಾನೆಯ ಗಾಲಿಯ ಮೇಲೆ ಬೀಳುವುದು ಸುಣ್ಣ. ಕ್ಲಿಂಕರ್ ದೂಳಿಗೆ ತೇವ ತಾಗಿದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಹುಟ್ಟಿ ಪಿಎಚ್ 12 ದಾಟುತ್ತದೆ. ಆ ಕ್ಷಾರ ಎಸ್ಟರ್ ಬಂಧವನ್ನು ಮುರಿದು ಎಣ್ಣೆಯನ್ನು ಕ್ಯಾಲ್ಸಿಯಂ ಸಾಬೂನಾಗಿಸುತ್ತದೆ. ಕ್ಯಾಲ್ಸಿಯಂ ಗ್ರೀಸನ್ನು ಗಟ್ಟಿಗೊಳಿಸಲು ಕಾರ್ಖಾನೆಗಳು ಬೇಕೆಂದೇ ಮಾಡುವುದು ಇದೇ ಸಾಬೂನು. ಬೇಡದ ಕಡೆ ಹುಟ್ಟಿದರೆ ಎಣ್ಣೆಯ ದಾರಿ ಕಟ್ಟುತ್ತದೆ. ಗಣಿಯ ಸುಣ್ಣಕಲ್ಲಿನ ಪುಡಿ ಇಷ್ಟು ಉಗ್ರವಲ್ಲ, ಆದರೆ ಅಳತೆಗಾರನನ್ನು ದಾರಿ ತಪ್ಪಿಸಬಲ್ಲದು. ಉತ್ಕರ್ಷಣದಿಂದ ಹುಟ್ಟಿದ ಆಮ್ಲಗಳನ್ನು ಅದು ತಟಸ್ಥಗೊಳಿಸುವುದರಿಂದ ಕೆಟ್ಟ ಎಣ್ಣೆಯ ಆಮ್ಲಸಂಖ್ಯೆಯೂ ಕಡಿಮೆ ಕಂಡೀತು. ಆದ್ದರಿಂದ ಈ ಸೀಮೆಯಲ್ಲಿ ಆಮ್ಲಸಂಖ್ಯೆಯೊಂದನ್ನೇ ನಂಬದೆ ಸ್ನಿಗ್ಧತೆ ಮತ್ತು ಅವಕೆಂಪು ರೋಹಿತವನ್ನೂ ಕೂಡಿಸಿ ಓದಬೇಕು.

ಸೀಮೆಗೆ ತಕ್ಕ ಪರೀಕ್ಷಾ ಕ್ರಮ

ಹೀಗಿರುವಾಗ ಪರೀಕ್ಷೆಯನ್ನು ಹೇಗೆ ಕಟ್ಟಬೇಕು? ಮೊದಲ ಹಂತದಲ್ಲಿ ಎಣ್ಣೆಯನ್ನು ಫರಸಿಯ ತುಂಡಿನ ಮೇಲೂ ಉಕ್ಕಿನ ಪಟ್ಟಿಯ ಮೇಲೂ ತೆಳ್ಳಗೆ ಬಳಿದು, ಒಂದು ಪಾಲಿಗೆ ಸುಣ್ಣಕಲ್ಲಿನ ಪುಡಿ, ಇನ್ನೊಂದಕ್ಕೆ ಕ್ಲಿಂಕರ್ ದೂಳು ಬೆರೆಸಿ, ಮೂರನೆಯದನ್ನು ಹಾಗೆಯೇ ಬಿಟ್ಟು, 50ರಿಂದ 60 ಡಿಗ್ರಿಯಲ್ಲಿ ಬೆಳಕಿಗೊಡ್ಡಿ ಮೂರು ತಿಂಗಳು ಹಳಸಲು ಬಿಡಬೇಕು. ನಿಯತ ದಿನಗಳಲ್ಲಿ ತೂಕ, ಸ್ನಿಗ್ಧತೆ, ದ್ರಾವಕದಲ್ಲಿ ಕರಗದೆ ಉಳಿಯುವ ಭಾಗ ಇವನ್ನು ಅಳೆಯಬೇಕು. ಎರಡನೆಯ ಹಂತದಲ್ಲಿ ಆ ಹಳಸಿದ ಮಾದರಿಯನ್ನೇ ಸ್ಟರ್ಮ್ ಪಾತ್ರೆಗೆ ಹಾಕಿ, ಪಕ್ಕದ ಪಾತ್ರೆಯಲ್ಲಿ ಹೊಸ ಎಣ್ಣೆಯನ್ನಿಟ್ಟು 28 ದಿನ ಹೋಲಿಸಬೇಕು. ಸುಣ್ಣಕಲ್ಲಿನ ಪುಡಿ ಬೆರೆತ ಮಾದರಿಯಲ್ಲಿ ಆಮ್ಲದ ತಾಕಿಗೆ ಕಲ್ಲಿನಿಂದಲೇ ಇಂಗಾಲದ ಡೈಆಕ್ಸೈಡ್ ಬರಬಹುದು. ಕ್ಲಿಂಕರಿನ ಸುಣ್ಣ ಅದನ್ನು ಹೀರಿಕೊಳ್ಳಲೂಬಹುದು. ಆ ತಪ್ಪು ನುಸುಳದಿರಲು ಎಣ್ಣೆಯಿಲ್ಲದ ದೂಳಿನ ಪಾತ್ರೆಯನ್ನೂ, ಆಮ್ಲಜನಕದ ಬಳಕೆಯನ್ನೇ ಅಳೆಯುವ 301-ಎಫ್ ವಿಧಾನವನ್ನೂ ಜೊತೆಗಿಡಬೇಕು. ಪ್ರಯೋಗಾಲಯದ ಕೆಸರಿನ ಜೊತೆಗೆ ಕಾಗಿಣಾ ದಡದ ಮಣ್ಣಿನ ಹೆಪ್ಪನ್ನೂ ಹಾಕಿದ ಪಾತ್ರೆ ಇದ್ದರೆ ಫಲಿತಾಂಶ ಊರಿನದಾಗುತ್ತದೆ. ಸುಣ್ಣಕಲ್ಲಿನ ಸೀಳಿನಾಳದಲ್ಲಿ ಗಾಳಿಯಾಡದಿರುವುದರಿಂದ ಆಮ್ಲಜನಕವಿಲ್ಲದೆ ನಡೆಯುವ ವಿಘಟನೆಯನ್ನು ಅಳೆಯುವ ಓಇಸಿಡಿ 311 ಕೂಡ ಸೇರಬೇಕು.

ಆಕ್ಷೇಪಗಳು

ಸಸ್ಯ ಎಣ್ಣೆ ಹೇಗೂ ತಿನ್ನುವ ವಸ್ತು, ಚೆಲ್ಲಿದರೆ ಏನಾದೀತು, ಇಷ್ಟೆಲ್ಲ ಪರೀಕ್ಷೆ ಏಕೆ ಎಂದು ಕೇಳುವವರಿದ್ದಾರೆ. ಒಂದು ಸರಳ ಲೆಕ್ಕ ಇದಕ್ಕೆ ಉತ್ತರ. ಟ್ರೈಒಲೀನ್ ಎಂಬ ಟ್ರೈಗ್ಲಿಸರೈಡಿನ ಒಂದು ಅಣು ಪೂರ್ತಿ ಕೊಳೆಯಲು ಆಮ್ಲಜನಕದ 80 ಅಣುಗಳು ಬೇಕು. ತೂಕದಲ್ಲಿ ಒಂದು ಕಿಲೊ ಎಣ್ಣೆಗೆ ಸುಮಾರು 2.9 ಕಿಲೊ ಆಮ್ಲಜನಕ. 30 ಡಿಗ್ರಿಯ ನೀರಿನಲ್ಲಿ ಲೀಟರಿಗೆ ಏಳೂವರೆ ಮಿಲಿಗ್ರಾಂ ಆಮ್ಲಜನಕ ಮಾತ್ರ ಕರಗಿರುತ್ತದೆ. ಅಂದರೆ ಒಂದು ಕಿಲೊ ಎಣ್ಣೆ ಸುಮಾರು 3.9 ಲಕ್ಷ ಲೀಟರ್ ನೀರಿನ ಉಸಿರನ್ನೆಲ್ಲ ಕುಡಿಯಬಲ್ಲದು. ಹರಿವು ಕುಗ್ಗಿದ ನದಿಯ ಮಡುವಿನಲ್ಲಿ ಮೀನುಗಳಿಗೆ ಇದು ಜೀವನ್ಮರಣದ ಮಾತು. ಮೇಲಾಗಿ ಕೀಲೆಣ್ಣೆಯಲ್ಲಿ ಎಣ್ಣೆಯೊಂದೇ ಇರುವುದಿಲ್ಲ. ಸವೆತ ತಡೆಯುವ, ತುಕ್ಕು ತಡೆಯುವ, ಉತ್ಕರ್ಷಣ ತಡೆಯುವ ಸೇರ್ಪಡೆಗಳೂ ಇರುತ್ತವೆ. ಬೀಜದ ಹೆಸರು ಅವುಗಳಿಗೆ ಜಾಮೀನಾಗದು.

ದೇಶ ತನಗೆ ಬೇಕಾದ ಅಡುಗೆ ಎಣ್ಣೆಯ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸುತ್ತಿರುವಾಗ ಕುಸುಬೆಯನ್ನು ಯಂತ್ರಕ್ಕೆ ಸುರಿಯುವುದು ನ್ಯಾಯವೇ ಎಂಬುದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ. ಅದನ್ನು ತಳ್ಳಿಹಾಕಲಾಗದು, ಅದಕ್ಕೆ ತಕ್ಕಂತೆ ಬಳಕೆಯ ಎಲ್ಲೆಯನ್ನು ಗೆರೆ ಎಳೆದು ಹೇಳಬೇಕು. ಔಡಲ ತಿನ್ನುವ ಎಣ್ಣೆಯಲ್ಲ, ಜಗತ್ತಿನಲ್ಲಿ ಅದನ್ನು ಅತಿ ಹೆಚ್ಚು ಬೆಳೆಯುವ ದೇಶ ಭಾರತವೇ. ಉತ್ತರ ಕರ್ನಾಟಕದಲ್ಲಿ ಹುಲಗಲ ಎನ್ನುವ ಹೊಂಗೆಯೂ ತಿನ್ನುವುದಕ್ಕಲ್ಲ. ಅದರಲ್ಲಿ ಒಲೀಕ್ ಆಮ್ಲವೇ ಮುಖ್ಯ. 2009ರ ಕರ್ನಾಟಕ ಜೈವಿಕ ಇಂಧನ ನೀತಿ, ಹಾಸನ ಜಿಲ್ಲೆಯ ಮಡೆನೂರಿನ ಜೈವಿಕ ಇಂಧನ ಉದ್ಯಾನ, ಹೊಲದ ಬದುವಿನಲ್ಲಿ ಇಂಥ ಮರ ನೆಡುವ ಕಾರ್ಯಕ್ರಮಗಳು ಬೀಜ ಒಟ್ಟುಗೂಡಿಸುವ ಮತ್ತು ಎಣ್ಣೆಯ ಗುಣ ಅಳೆಯುವ ಅನುಭವವನ್ನು ರಾಜ್ಯಕ್ಕೆ ಆಗಲೇ ತಂದಿವೆ. ಸುಟ್ಟು ಹೊಗೆಯಾಗುವ ಇಂಧನಕ್ಕಿಂತ ಕೀಲೆಣ್ಣೆಗೆ ಬೇಕಾಗುವ ಪ್ರಮಾಣ ಬಹಳ ಕಡಿಮೆ. ಕುಸುಬೆ ತಟ್ಟೆಗೇ ಇರಲಿ. ಒಲೀಕ್ ಹೆಚ್ಚಿರುವ ತಳಿ ಬೆಳೆದಾಗ ಸೋಸುವಿಕೆಯಲ್ಲಿ ಉಳಿದ ಕೀಳುದರ್ಜೆಯದು ಯಂತ್ರಕ್ಕೆ ಬರಲಿ.

ಮೂರನೆಯ ಆಕ್ಷೇಪ ಬೆಲೆಯದು ಮತ್ತು ಕಾನೂನಿನದು. ಬಳಸಿದ ಎಣ್ಣೆಯನ್ನು ಮರಳಿ ಸಂಗ್ರಹಿಸುವ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸುವ ನಿಯಮ 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಾಗಿರುವಾಗ ಖನಿಜ ಎಣ್ಣೆಯನ್ನೇ ಬಳಸಿ ಮರಳಿ ಪಡೆದರೆ ಸಾಲದೇ? ಎಂಜಿನ್ನು, ಗೇರುಪೆಟ್ಟಿಗೆಗಳ ಮಟ್ಟಿಗೆ ಸಾಕು, ಅದೇ ಒಳ್ಳೆಯದು ಕೂಡ. ಅಲ್ಲಿ ಸಸ್ಯ ಎಣ್ಣೆಯನ್ನು ತುರುಕಿದರೆ ಮರುಶುದ್ಧೀಕರಣಕ್ಕೇ ತೊಡಕು. ಆದರೆ ಸರಪಳಿಯಿಂದ, ತಂತಿ ಹಗ್ಗದಿಂದ, ಹಳಿಯ ತಿರುವಿನಿಂದ, ಸೆಂಟ್ರಿಂಗ್ ಹಲಗೆಯಿಂದ ನೆಲಕ್ಕಿಳಿದದ್ದನ್ನು ಯಾವ ನಿಯಮವೂ ಡಬ್ಬಿಗೆ ಮರಳಿಸಲಾರದು. ಅಲ್ಲಿ ನಮ್ಮ ಕೈಯಲ್ಲಿರುವ ಹತೋಟಿ ಒಂದೇ: ಯಾವ ಎಣ್ಣೆ ಹಾಕಬೇಕೆಂಬ ಆಯ್ಕೆ. ಜರ್ಮನಿಯ ಬ್ಲೂ ಏಂಜಲ್ ಮುದ್ರೆ 1988ರಲ್ಲಿ ಗರಗಸದ ಚೈನಿನ ಎಣ್ಣೆಯಿಂದ ಆರಂಭಿಸಿದ್ದು ಇದೇ ವಿವೇಕದಿಂದ. ಯುರೋಪಿನ ಪರಿಸರ ಮುದ್ರೆ 2005ರಿಂದ ಕೀಲೆಣ್ಣೆಗಳಿಗೂ ಸಿಗುತ್ತಿದೆ. 1991ರಲ್ಲಿ ಆರಂಭವಾದ ಭಾರತದ ಇಕೋಮಾರ್ಕ್ ಯೋಜನೆಯೂ ಕೀಲೆಣ್ಣೆಯನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿತು. 2024ರ ಹೊಸ ನಿಯಮಗಳು ಆ ಯೋಜನೆಗೆ ಮರುಜೀವ ಕೊಟ್ಟಿವೆ. ಮುದ್ರೆಯ ಹಿಂದಿನ ಪರೀಕ್ಷೆ ನಮ್ಮ ಬಿಸಿಲಿಗೂ ನಮ್ಮ ಸುಣ್ಣಕ್ಕೂ ಒಗ್ಗುವಂತೆ ಮಾಡಲು ಇದು ತಕ್ಕ ಸಮಯ.

ಮಾನಕದಿಂದ ದೂರ ಸರಿದರೆ ಒಂದು ಊರಿನ ಫಲಿತಾಂಶವನ್ನು ಇನ್ನೊಂದು ಊರಿನದರೊಂದಿಗೆ ಹೋಲಿಸುವುದು ಹೇಗೆ ಎಂಬುದು ಪ್ರಯೋಗಶಾಲೆಯವರ ಪ್ರಶ್ನೆ. ಮಾನಕವನ್ನು ಕೈಬಿಡಬೇಕೆಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಹೊಸ ಎಣ್ಣೆಯ ಪಾತ್ರೆ ಹೋಲಿಕೆಗಾಗಿ ಇದ್ದೇ ಇರುತ್ತದೆ. ಹಳಸಿದ ಎಣ್ಣೆಯ ಪಾತ್ರೆ ಅದರ ಪಕ್ಕಕ್ಕೆ ಬರುತ್ತದೆ. ಎರಡರ ಅಂಕಗಳೂ ಹತ್ತಿರವಿದ್ದರೆ ಆ ಎಣ್ಣೆ ಈ ಸೀಮೆಗೆ ಒಪ್ಪುತ್ತದೆ. ದೂರವಿದ್ದರೆ, ಹೊಸದರ ಅಂಕ ಎಷ್ಟೇ ಹೆಚ್ಚಿರಲಿ, ಅದು ಸೇಡಂ ಗಣಿಗೆ ಹೇಳಿದ ಎಣ್ಣೆಯಲ್ಲ. ಡಬ್ಬಿಯ ಮೇಲೆ ಅಚ್ಚಾಗಬೇಕಾದದ್ದು ಈ ಎರಡು ಅಂಕಗಳು ಮತ್ತು ಅವುಗಳ ನಡುವಿನ ಅಂತರ. ಎಣ್ಣೆಯನ್ನು ಕೊಳ್ಳುವ ಗಣಿಯವನಿಗೂ ಆ ಗಣಿಯ ಕೆಳಗಿನ ಬಾವಿಯ ನೀರು ಕುಡಿಯುವವನಿಗೂ ಬೇಕಾದ ಮಾಹಿತಿ ಅದೇ.